ಹಸಿವಿಗೆ ಹೊದಿಸಿದ ಶಾಲು

ಈ ಕಾಯಿಲೆಯ ಪೆಟ್ಟು ತಿಂದವರು ಇಬ್ಬರು: ನಾನು ಮತ್ತು ನನ್ನ ತಂಗಿ ಮೈತ್ರಿ. ಇದನ್ನು ನಮಗೆ ಹಚ್ಚಿದವರಲ್ಲಿ ಒಬ್ಬರೂ ಈವರೆಗೆ ಒಂದು ಹೊತ್ತಿನ ಊಟವನ್ನು ತಪ್ಪಿಸಿಕೊಂಡಿಲ್ಲ. ನನ್ನ ತಲೆಗೂದಲು ಉದುರಿತು, ಮುಟ್ಟು ನಿಂತಿತು, ಎದೆಬಡಿತ ವೈದ್ಯರು ಹುಬ್ಬು ಗಂಟಿಕ್ಕುವಷ್ಟು ನಿಧಾನವಾಯಿತು. ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿರಬೇಕಾದ ಮೈತ್ರಿ ಈಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಮಂಚದ ಮೇಲಿದ್ದಾಳೆ. ಆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನನ್ನ ತೂಕ ಎಷ್ಟಿತ್ತು, ಎಷ್ಟಕ್ಕಿಳಿಯಿತು ಎಂಬ ಅಂಕಿ ಈ ಬರಹದಲ್ಲಿ ಸಿಗುವುದಿಲ್ಲ. ಏನನ್ನು ಬಿಟ್ಟೆ, ಹೇಗೆ ಬಚ್ಚಿಟ್ಟೆ ಎಂಬ ವಿವರವೂ ಇಲ್ಲ. ಕಾಯಿಲೆಯಲ್ಲಿದ್ದಾಗ ಇಂಥ ಬರಹಗಳನ್ನು ನಾನು ಓದುತ್ತಿದ್ದದ್ದು ಸಮಾಧಾನಕ್ಕಲ್ಲ, ಕಲಿಯುವುದಕ್ಕೆ. ಇನ್ನೊಬ್ಬಳ ಸಂಕಟದ ಅಂಕಿ ನನಗೆ ಗುರಿಯಾಗುತ್ತಿತ್ತು. ಆ ಉಪಯೋಗಕ್ಕೆ ನನ್ನ ಮಾತು ಯಾರಿಗೂ ಒದಗಬಾರದು.

ನಮ್ಮದು ಹಾನಗಲ್ ತಾಲ್ಲೂಕಿನಲ್ಲಿ, ತಿಳವಳ್ಳಿಗೆ ಹತ್ತಿರದ ಒಂದು ಸಣ್ಣ ಊರು. ಅಪ್ಪ ಪ್ರೌಢಶಾಲೆಯ ಕನ್ನಡ ಶಿಕ್ಷಕರು. ಅವ್ವ ಊರಿನ ಅಂಗನವಾಡಿ ಕಾರ್ಯಕರ್ತೆ. ಅಜ್ಜನ ಕಾಲಕ್ಕೇ ನಮ್ಮ ಮನೆತನ ಬುದ್ಧನ ದಾರಿಗೆ ಬಂದಿತ್ತು. ಅದಕ್ಕೂ ಮೊದಲು ಅಜ್ಜಿ ಪರರ ಹೊಲದಲ್ಲಿ ದುಡಿದು, ಸಂಜೆ ಅವರ ಹಿತ್ತಲಿನಲ್ಲಿ ಸೆರಗೊಡ್ಡಿ ನಿಂತು ತಂದ ಅನ್ನವನ್ನು ಉಂಡು ಬೆಳೆದವರು ನನ್ನ ಅಪ್ಪ. ಆದ್ದರಿಂದ ನಮ್ಮ ಮನೆಯಲ್ಲಿ ಉಪವಾಸ ಎಂಬುದು ನಿಷಿದ್ಧ ಶಬ್ದ. ಓಣಿಯ ಹೆಂಗಸರು ಸೋಮವಾರ, ಶನಿವಾರ ಒಪ್ಪತ್ತು ಹಿಡಿದರೆ ಅಪ್ಪ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದರು.

"ನಮ್ಮ ಮಂದಿ ಏಳು ತಲಿಗೆ ಆಗೂವಷ್ಟು ಉಪಾಸ ಮಾಡಿ ಮುಗಿಸ್ಯಾರವ್ವಾ. ಇನ್ನ ಏನೂ ಉಳಿದಿಲ್ಲ. ನೀವು ಉಣ್ರಿ."

ಅವ್ವ ತಿಂಗಳಿಗೊಮ್ಮೆ ಊರ ಮಕ್ಕಳನ್ನೆಲ್ಲ ತೂಗಿ, ಬೆಳವಣಿಗೆಯ ಹಾಳೆಯ ಮೇಲಿನ ಹಸಿರು, ಹಳದಿ, ಕೆಂಪು ಪಟ್ಟಿಗಳಲ್ಲಿ ಚುಕ್ಕೆ ಇಡುತ್ತಿದ್ದಳು. ಕೆಂಪಿಗೆ ಬಿದ್ದ ಮಗುವಿನ ತಾಯಿಯನ್ನು ಮನೆಗೇ ಹೋಗಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಹಸಿವನ್ನು ಅನ್ಯಾಯವೆಂದು ಕಲಿಸಿದ ಮನೆ ನಮ್ಮದು. ಕಾಯಿಲೆ ಇಂಥ ಮನೆಯ ಬಾಗಿಲನ್ನೂ ತೆರೆಸಿತು, ಅದೂ ಗೌರವದಿಂದ ಎಂಬುದೇ ನಾನು ಹೇಳಬೇಕಾದ ವಿಷಯ.

ಪದವಿಯ ಎರಡನೆಯ ವರ್ಷದಲ್ಲಿ ಸವಣೂರಿನಲ್ಲಿ ಒಂದು ಅಂತರಕಾಲೇಜು ಚರ್ಚಾಸ್ಪರ್ಧೆ ನಡೆಯಿತು. ಹೆಣ್ಣಿನ ದೇಹ ಯಾರ ಸ್ವತ್ತು ಎಂಬುದು ವಿಷಯ. ಅವಳದ್ದೇ, ಬೇರೆ ಯಾರದ್ದೂ ಅಲ್ಲ ಎಂದು ನಾನು ಎಂಟು ನಿಮಿಷ ವಾದಿಸಿದೆ. ಮೊದಲ ಬಹುಮಾನ ನಮಗೇ ಬಂತು. ಗೆಳತಿಯರೆಲ್ಲ ಸವಣೂರಿನ ಖಾರದ ಪೊಟ್ಟಣ ಬಿಚ್ಚಿಕೊಂಡು, ಬಸ್ಸಿನಲ್ಲಿ ಕೈ ನೆಕ್ಕುತ್ತ ಊರಿಗೆ ಬಂದೆವು. ಯಾವ ಲೆಕ್ಕವೂ ಇಲ್ಲದೆ ನಾನು ಏನನ್ನಾದರೂ ತಿಂದದ್ದು ಅದೇ ಕೊನೆ.

ಮರುದಿನ ಕಾಲೇಜಿನ ಸಾಮಾಜಿಕ ಜಾಲತಾಣದ ಪುಟದಲ್ಲಿ ನಮ್ಮ ತಂಡದ ಚಿತ್ರ ಹಾಕಿದರು. ಅದರ ಕೆಳಗೆ ಯಾರೋ ಬರೆದಿದ್ದ: "ಬಲಗಡೆ ನಿಂತಿದ್ದು ಗೋವಿನಜೋಳದ ಚೀಲ ಏನ್ರೀ?" ಇನ್ನೊಬ್ಬ ಉತ್ತರಿಸಿದ್ದ: "ಹೌದಲೇ, ಲಾರಿಗೆ ಏರಿಸಾಕ ನಾಕು ಮಂದಿ ಹಮಾಲರು ಬೇಕು." ಮೂರನೆಯವನು: "ಚೀಲಕ್ಕ ಬಾಯಿ ಬ್ಯಾರೆ ಐತಿ ನೋಡು, ಭಾಷಣ ಮಾಡತೈತಿ." ಬಲಗಡೆ ನಿಂತಿದ್ದವಳು ನಾನು. ಅಪರಿಚಿತ ಹುಡುಗರ ಆ ಮಾತುಗಳನ್ನು ನಾನು ಕ್ಷಮಿಸಿಬಿಡಬಹುದಿತ್ತು. ಆದರೆ ಪುಟವನ್ನು ನೋಡಿಕೊಳ್ಳುತ್ತಿದ್ದ ಅಧ್ಯಾಪಕರು ಆ ಮೂರೂ ಮಾತುಗಳ ಕೆಳಗೆ ನಗುವ ಮುಖ ಒತ್ತಿದ್ದರು. ಅಳಿಸುವ ಅಧಿಕಾರವಿದ್ದ ಕೈ ನಗುವುದನ್ನು ಆರಿಸಿಕೊಂಡಿತು. ಇದನ್ನು ತಮಾಷೆ ಎಂದು ಕರೆಯಲು ನಾನು ಇವತ್ತಿಗೂ ಒಪ್ಪುವುದಿಲ್ಲ.

ನಾನು ಅಳಲಿಲ್ಲ, ಫೋನು ತೆಗೆದೆ. ಹೊಟ್ಟೆ ಕರಗಿಸುವ ಒಂದು ವಿಡಿಯೊ ಹುಡುಕಿದೆ. ಫೋನು ಹತ್ತನ್ನು ತಂದು ಮುಂದಿಟ್ಟಿತು. ಮಾರನೆಯ ದಿನ ಹುಡುಕುವ ಅಗತ್ಯವೇ ಬೀಳಲಿಲ್ಲ. ನಾನು ಕೈಗೆತ್ತಿಕೊಳ್ಳುವುದನ್ನೇ ಅದು ಕಾಯುತ್ತಿತ್ತು. ನನ್ನದೇ ವಯಸ್ಸಿನ, ನನ್ನದೇ ಭಾಷೆಯ ಹುಡುಗಿಯರು ತಾವು ದಿನವಿಡೀ ಏನು ತಿಂದೆವೆಂದು ನಗುನಗುತ್ತ ತೋರಿಸುತ್ತಿದ್ದರು. ಯಾರೂ ‘ಉಣ್ಣಬೇಡ’ ಎನ್ನಲಿಲ್ಲ. ಎಲ್ಲರೂ ‘ಆರೋಗ್ಯಕರವಾಗಿ ತಿನ್ನು’ ಎಂದರು. ಆ ಒಳ್ಳೆಯ ಮಾತಿನ ನೆರಳಿನಲ್ಲಿ ಮೊದಲು ಅನ್ನ ಹೋಯಿತು, ಆಮೇಲೆ ರೊಟ್ಟಿ. ಅವ್ವನ ಶೇಂಗಾ ಚಟ್ನಿ, ಅಗಸಿ ಹಿಂಡಿ, ಕೆನೆಮೊಸರು ಎಲ್ಲವೂ ಒಂದೊಂದಾಗಿ ನನ್ನ ಕಣ್ಣಿಗೆ ವಿಷವಾದವು. ಮುಂದೆ ಆಸ್ಪತ್ರೆಯಲ್ಲಿ ಆಹಾರತಜ್ಞೆ ಔಷಧಿಯಂತೆ ಬರೆದುಕೊಟ್ಟದ್ದು ಇದೇ ರೊಟ್ಟಿ, ಇದೇ ಚಟ್ನಿ, ಇದೇ ಮೊಸರನ್ನು.

ಶಿಗ್ಗಾವಿಯಲ್ಲಿ ತನ್ನನ್ನು ಆರೋಗ್ಯ ಕೋಚ್ ಎಂದು ಕರೆದುಕೊಳ್ಳುವ ಒಬ್ಬ ಮಹಿಳೆಯಿದ್ದಳು. ಯಾವ ವೈದ್ಯಕೀಯವನ್ನೂ ಓದಿದವಳಲ್ಲ. ನಾನೂ ಸೇರಿಕೊಂಡ ಅವಳ ವಾಟ್ಸಾಪ್ ಗುಂಪಿನಲ್ಲಿ ನಾವು ದಿನವೂ ಬೆಳಿಗ್ಗೆ ತೂಕದ ಯಂತ್ರದ ಚಿತ್ರ ಹಾಕಬೇಕಿತ್ತು. ಇಳಿಯದಿದ್ದವರು ‘ಇಂದು ನಾನು ಸೋತೆ’ ಎಂದು ಬರೆಯಬೇಕಿತ್ತು. ಅವಳ ಒಂದು ಧ್ವನಿಸಂದೇಶವನ್ನು ನಾನು ಕಾಲೇಜಿನ ಬಸ್ಸಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೆ: "ಅಕ್ಕಾರ, ಹಸಿವು ಆತಂದ್ರ ಹೆದರಬ್ಯಾಡ್ರಿ. ಒಳಗ ಕೊಬ್ಬು ಅಳಾಕತ್ತೈತಿ ಅಂತ ತಿಳಕೊಂಡು ನಕ್ಕೊಂತ ಇರ್ರಿ." ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ಅನ್ಯಾಯದ ಹೆಸರಾಗಿದ್ದ ಹಸಿವು ಎರಡೇ ತಿಂಗಳಿನಲ್ಲಿ ನನಗೆ ಗೆಲುವಿನ ಹೆಸರಾಯಿತು. ಮನೆಯಲ್ಲಿ ತೂಕದ ಯಂತ್ರ ಇರಲಿಲ್ಲ. ಅಂಗನವಾಡಿಯ ಕೀಲಿಕೈ ಮೊಳೆಗೆ ತೂಗುತ್ತಿತ್ತು. ಕಸ ಗುಡಿಸಿ ಬರುತ್ತೇನೆಂದು ಅವ್ವನಿಗೆ ಹೇಳಿ, ಗರ್ಭಿಣಿಯರನ್ನು ತೂಗುವ ಯಂತ್ರದ ಮೇಲೆ ದಿನವೂ ನಾನು ನಿಲ್ಲುತ್ತಿದ್ದೆ. "ಎಷ್ಟು ಶ್ಯಾಣ್ಯಾ ಹುಡುಗಿ ಆದಿ," ಎಂದಳು ಅವ್ವ.

ಊರವರು ಕಡ್ಲಿಗಡಬಿನ ಹುಣ್ಣಿವಿ ಎನ್ನುವ ಆಷಾಢದ ಹುಣ್ಣಿಮೆಯಿಂದ ಮೂರು ತಿಂಗಳು ನಮಗೆ ವರ್ಷಾವಾಸ. ಮಳೆಗಾಲದಲ್ಲಿ ಭಿಕ್ಖುಗಳು ಒಂದೆಡೆ ನೆಲೆನಿಲ್ಲುತ್ತಿದ್ದುದರ ನೆನಪಿಗೆ ನಮ್ಮಂಥ ಮನೆಗಳಲ್ಲಿ ಸಂಜೆ ಧಮ್ಮದ ಓದು ನಡೆಯುತ್ತದೆ. ಹುಣ್ಣಿಮೆಯ ದಿನ ಇಷ್ಟವಿದ್ದವರು ಎಂಟು ಶೀಲಗಳನ್ನು, ಅಂದರೆ ನಡತೆಯ ನಿಯಮಗಳನ್ನು, ತೆಗೆದುಕೊಳ್ಳುತ್ತಾರೆ. ಆರನೆಯದು, ನಡುಹಗಲು ದಾಟಿದ ಮೇಲೆ ಉಣ್ಣದಿರುವುದು. ಅದು ಆ ಒಂದು ದಿನದ ಮಟ್ಟಿಗೆ. ನಾನು ಅದನ್ನು ಮೂರು ತಿಂಗಳಿಗೂ ತೆಗೆದುಕೊಳ್ಳುತ್ತೇನೆಂದೆ.

"ಒಂದು ದಿನ ಸಾಕಲ್ಲವಾ ಕರುಣಾ," ಎಂದರು ಅಪ್ಪ. "ನಾವು ಉಪಾಸ ಮಾಡೂ ಮಂದಿ ಅಲ್ಲ."

"ಇದು ಉಪಾಸ ಅಲ್ಲಪ್ಪಾ. ಶೀಲ."

ಅಪ್ಪನ ಕಣ್ಣು ಹೆಮ್ಮೆಯಿಂದ ತುಂಬಿತು. ಜೀವಮಾನವೆಲ್ಲ ಮೂಢನಂಬಿಕೆಯ ವಿರುದ್ಧ ಮಾತಾಡಿದ ಮನುಷ್ಯನಿಗೆ ಮಗಳು ಅವರದ್ದೇ ಮಾತಿನಲ್ಲಿ ಬೇಲಿ ಕಟ್ಟಿದ್ದಳು. ಮುಂದಿನ ಹುಣ್ಣಿಮೆಗೆ ಹಾನಗಲ್ಲಿನ ವಿಹಾರದಲ್ಲಿ ಎಲ್ಲರ ಮುಂದೆ ಎದ್ದುನಿಂತು ಅವರು, "ನನ್ನ ಮಗಳು ನನಗಿಂತ ಒಂದು ಹೆಜ್ಜಿ ಮುಂದ ಹೋಗ್ಯಾಳ್ರಿ," ಎಂದರು. ಬೆಳಿಗ್ಗೆ ಬಸ್ಸಿನ ಗಡಿಬಿಡಿ, ಮಧ್ಯಾಹ್ನ ಕಾಲೇಜು. ನಾನು ಉಣ್ಣುವುದು ಮನೆಯವರ ಕಣ್ಣಿಗೆ ಬೀಳುತ್ತಿದ್ದದ್ದು ರಾತ್ರಿ ಮಾತ್ರ. ಆ ಒಂದು ಊಟವನ್ನು ಶೀಲ ಮರೆಮಾಡಿತು. ನಾಲ್ಕನೆಯ ಶೀಲ ಸುಳ್ಳಾಡದಿರುವುದು. ಆರನೆಯದನ್ನು ಪಾಲಿಸುತ್ತೇನೆಂದು ನಾನು ದಿನವೂ ನಾಲ್ಕನೆಯದನ್ನು ಮುರಿದೆ. ಈ ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದು.

ಒಬ್ಬಳಿಗೆ ಮಾತ್ರ ಅನುಮಾನ ಬಂದಿತ್ತು. ನೆರೆಮನೆಯ ಗಂಗವ್ವ, ವಾರಕ್ಕೆರಡು ಒಪ್ಪತ್ತು ಹಿಡಿಯುವವಳು, ಒಂದು ದಿನ ಬೇಲಿಯಾಚೆಯಿಂದ ಅಪ್ಪನನ್ನು ಕೇಳಿದಳು: "ಮಾಸ್ತರ, ನಾವು ಉಪಾಸ ಬಿಟ್ಟ ಮರುದಿನ ಎರಡು ರೊಟ್ಟಿ ಹೆಚ್ಚಿಗಿ ಬಡೀತೇವಿ. ನಿಮ್ಮ ಹುಡುಗಿ ಬಿಡೂದು ಯಾವಾಗರಿ?"

"ನಿಮ್ಮ ಒಪ್ಪತ್ತಿಗೂ ಇದಕ್ಕೂ ಭಾಳ ಫರಕ ಐತಿ ಗಂಗವ್ವ," ಎಂದು ಅಪ್ಪ ನಕ್ಕರು.

"ಹೊಟ್ಟಿಗೆ ಏನು ಫರಕ ತಿಳೀತೈತ್ರಿ?" ಎಂದು ಗೊಣಗುತ್ತ ಅವಳು ಒಳಗೆ ಹೋದಳು.

ಉಪವಾಸ ಹಿಡಿಯುವ ಮನೆಗಳಲ್ಲಿ ಅದನ್ನು ಯಾವಾಗ ಬಿಡಿಸಬೇಕೆಂಬುದು ಹೆಂಗಸರಿಗೆ ಗೊತ್ತಿರುತ್ತದೆ. ಬಳಲಿದ ಮುಖ ಹೇಗಿರುತ್ತದೆ, ಎಲ್ಲಿಗೆ ಸಾಕೆನ್ನಬೇಕು ಎಂಬ ಅಳತೆ ಅವರಲ್ಲಿ ತಾಯಿಯಿಂದ ಮಗಳಿಗೆ ಇಳಿದು ಬಂದಿರುತ್ತದೆ. ಉಪವಾಸವನ್ನೇ ಹೊರಗಿಟ್ಟ ನಮ್ಮ ಮನೆಯಲ್ಲಿ ಆ ಅಳತೆ ಇರಲಿಲ್ಲ. ಹಸಿವು ಬಡತನದಿಂದ ಮಾತ್ರ ಬರುತ್ತದೆಂದು ನಾವು ನಂಬಿದ್ದೆವು. ಬುಟ್ಟಿ ತುಂಬ ರೊಟ್ಟಿ ಇರುವ ಮನೆಯಲ್ಲಿ ಒಬ್ಬಳು ಹಸಿದು ಸಾಯಬಹುದೆಂಬುದು ನಮ್ಮ ಪಾಠದಲ್ಲಿರಲಿಲ್ಲ.

ವರ್ಷಾವಾಸ ಮುಗಿಯುವ ಮೊದಲೇ ಕಾಲೇಜಿನಲ್ಲಿ ಆರೋಗ್ಯ ದಿನ ಆಚರಿಸಿದರು. ಮುಖ್ಯ ಅತಿಥಿ ಶಿಗ್ಗಾವಿಯ ಅದೇ ಕೋಚ್. ವೇದಿಕೆಯ ನಡುವೆ ತೂಕದ ಯಂತ್ರ ಇಟ್ಟು ಹುಡುಗಿಯರನ್ನು ಹೆಸರು ಹಿಡಿದು ಕರೆದರು. ಬಂದ ಅಂಕಿಯನ್ನು ಮೈಕಿನಲ್ಲಿ ಹೇಳಿದರು. ಹುಡುಗರು ಹಿಂದಿನ ಸಾಲುಗಳಲ್ಲಿ ಸೀಟಿ ಹೊಡೆದರು. ಇದು ಶಿಕ್ಷಣ ಸಂಸ್ಥೆಯೊಂದರ ಸಭಾಂಗಣದಲ್ಲಿ, ಬುದ್ಧಿವಂತರೆನಿಸಿಕೊಂಡವರ ಎದುರಿಗೆ ನಡೆಯಿತು. ಕೊನೆಗೆ, ತೂಕ ಇಳಿಸಿದ್ದಕ್ಕೆಂದು ನನ್ನನ್ನು ಕರೆದು ಶಾಲು ಹೊದಿಸಿದರು. ಹೆಗಲ ಮೇಲೆ ಅದು ನಿಲ್ಲಲಿಲ್ಲ. ಎರಡು ಸಲ ಜಾರಿತು. ಪ್ರಾಚಾರ್ಯರೇ ಹಿಡಿದು ನಿಂತು, "ಛಲ ಅಂದ್ರ ಇದು ನೋಡ್ರಿ. ಉಳಿದಾವ್ರೂ ಈಕಿನ್ನ ನೋಡಿ ಕಲೀರಿ," ಎಂದರು. ನಾನು ನಕ್ಕೆ. ಅಂದು ಸಂಜೆ ಕಾಲೇಜಿನ ಪುಟದಲ್ಲಿ ಒಂದು ವಿಡಿಯೊ ಬಂತು: ಎಡಕ್ಕೆ ಸವಣೂರಿನ ಹಳೆಯ ಚಿತ್ರ, ಬಲಕ್ಕೆ ಶಾಲು ಹೊದ್ದ ನಾನು, ಹಿಂದೆ ಡೊಳ್ಳಿನ ಸದ್ದು.

ಅವ್ವ ಅದನ್ನು ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯರ ಗುಂಪಿಗೆಲ್ಲ ಕಳಿಸಿದಳು. ಆಗ ಒಂಬತ್ತನೆಯ ತರಗತಿಯಲ್ಲಿದ್ದ ಮೈತ್ರಿ ಅದನ್ನು ನನ್ನ ಪಕ್ಕದಲ್ಲಿ ಕುಳಿತೇ ಮೂರು ಬಾರಿ ನೋಡಿದಳು. "ಅಕ್ಕಾ, ನೀ ಹೀರೋಯಿನ್ ಆದಿ," ಎಂದಳು. ಅವಳ ಕೈಯಿಂದ ಫೋನು ಕಿತ್ತುಕೊಳ್ಳಬೇಕಿತ್ತು. ನಾನು ಅವಳೊಡನೆ ನಾಲ್ಕನೆಯ ಸಲ ನೋಡಿದೆ.

ಸೀಗಿ ಹುಣ್ಣಿವಿಗೆ ವರ್ಷಾವಾಸ ಮುಗಿಯಿತು. ಊರೆಲ್ಲ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಉಂಡು ಬಂದಿತು. ನಾನು ಶೀಲ ಬಿಡಲಿಲ್ಲ. ಬಿಡಲು ನೋಡಿದೆ, ಆಗಲಿಲ್ಲ ಎಂಬುದು ನಿಜ. ತುತ್ತು ಕೈಯಲ್ಲಿ ಹಿಡಿದರೆ ಬಾವಿಯ ದಂಡೆಯಲ್ಲಿ ನಿಂತವಳಂತೆ ಹಿಂದೆ ಸರಿಯುತ್ತಿದ್ದೆ. ಇಷ್ಟು ದಿನ ನಾನು ಹಿಡಿದುಕೊಂಡಿದ್ದೇನೆಂದು ತಿಳಿದದ್ದು ಆಗಲೇ ನನ್ನನ್ನು ಹಿಡಿದುಕೊಂಡಿತ್ತು.

ಮುಟ್ಟು ನಿಂತು ನಾಲ್ಕು ತಿಂಗಳಾದದ್ದು ಅವ್ವನಿಗೆ ತಿಳಿದಾಗ ಪಟ್ಟಣದ ಒಂದು ದವಾಖಾನೆಗೆ ಕರೆದೊಯ್ದಳು. ಬೆಂಚುಗಳು ತುಂಬಿದ್ದವು. ನರ್ಸಮ್ಮ ಚೀಟಿ ಬರೆಯುತ್ತ ಎತ್ತರದ ದನಿಯಲ್ಲಿ ಕೇಳಿದಳು: "ಲಗ್ನ ಆಗೇತೇನ?"

"ಇಲ್ರಿ," ಎಂದಳು ಅವ್ವ.

"ಮತ್ತ ನಾಕು ತಿಂಗಳ ಅಂತೀರಲ್ಲ?"

ಬೆಂಚುಗಳೆಲ್ಲ ನಮ್ಮತ್ತ ತಿರುಗಿದವು. ಅವ್ವ ನನ್ನ ಮುಖ ನೋಡಲಿಲ್ಲ. ನನ್ನ ಹೊಟ್ಟೆಯನ್ನು ನೋಡಿದಳು. ಪರೀಕ್ಷೆಗೆ ಕೊಟ್ಟು ಅರ್ಧ ಗಂಟೆ ಕಾದೆವು. ಏನೂ ಇಲ್ಲವೆಂದು ಹೇಳಿದಾಗ ಅವಳು ಗೋಡೆಗೆ ಹಣೆ ಹಚ್ಚಿ ಅತ್ತಳು. ದೊಡ್ಡದೆಂದುಕೊಂಡಿದ್ದ ಭಯ ಸುಳ್ಳಾಯಿತು. ಆ ನೆಮ್ಮದಿಯಲ್ಲಿ, ಹಾಗಾದರೆ ಇದೇನು ಎಂದು ಕೇಳುವುದನ್ನೇ ಮರೆತೆವು. ವೈದ್ಯರೂ ಕೇಳಲಿಲ್ಲ. "ರಕ್ತ ಕಮ್ಮಿ ಐತಿ, ಟಾನಿಕ್ ಬರದೇನಿ," ಎಂದು ಚೀಟಿ ಹರಿದು ಕೊಟ್ಟು ನಕ್ಕರು: "ತೂಕ ಮಾತ್ರ ಚೊಲೊ ಇಳಿಸೀ ಬಿಡವಾ. ನಮ್ಮನಿಯಾಕಿಗೂ ಒಂದೀಟು ಹೇಳಿಕೊಡು."

ಅದರ ಮುಂದಿನ ತಿಂಗಳು ಇನ್ನೊಂದು ಚರ್ಚಾಸ್ಪರ್ಧೆಗೆಂದು ಹಿರೇಕೆರೂರಿಗೆ ಹೋಗಿದ್ದೆ. ವೇದಿಕೆಯ ಮೇಲೆ ಎರಡನೆಯ ವಾಕ್ಯಕ್ಕೇ ಮಾತು ಮರೆತುಹೋಯಿತು. ಯಾರಿಗೂ ಹೇಳದೆ ಹೊರಬಿದ್ದು ಬಸ್ ನಿಲ್ದಾಣಕ್ಕೆ ಬಂದೆ. ಸಂತೆಯ ದಿನ, ಹಾವೇರಿ ಬಸ್ಸಿಗೆ ನೂಕುನುಗ್ಗಲಿತ್ತು. ಕಂಬವನ್ನು ಹಿಡಿದದ್ದು ನೆನಪಿದೆ. ಕಣ್ಣು ಬಿಟ್ಟಾಗ ಸಂತೆಗೆ ಮಂಡಕ್ಕಿ ಮಾರಲು ಬಂದಿದ್ದ ಒಬ್ಬ ಮುದುಕಿಯ ತೊಡೆಯ ಮೇಲೆ ನನ್ನ ತಲೆಯಿತ್ತು. ಅವಳು ನನ್ನ ತುಟಿ ಬಿಡಿಸಿ ಬೆಲ್ಲದ ಚೂರು ಇಟ್ಟಳು. ಎಚ್ಚರ ಪೂರ್ತಿ ಬರುವ ಮೊದಲೇ ನನ್ನ ನಾಲಿಗೆ ಅದನ್ನು ಹೊರಗೆ ತಳ್ಳಿತು. ಬೆಲ್ಲ ಅವಳ ಸೀರೆಯ ಮೇಲೆ ಬಿತ್ತು.

"ಅಯ್ಯ ನನ್ನವ್ವ," ಎಂದಳು ಅವಳು, "ಬೆಲ್ಲನೂ ಕಹಿ ಆಗೇತೇನ ನಿನಗ?"

ಸಾಯುತ್ತಿದ್ದೇನೆಂದು ನನಗೆ ತಿಳಿದದ್ದು ಆಗ. ತಿಳಿದ ಮೇಲೂ ಆ ಬೆಲ್ಲವನ್ನು ನುಂಗಲು ನನ್ನಿಂದಾಗಲಿಲ್ಲ. ಈ ಎರಡು ವಾಕ್ಯಗಳ ನಡುವೆ ಏನಿದೆಯೋ ಅದೇ ಈ ಕಾಯಿಲೆ. ಇದಕ್ಕಿಂತ ಚೆನ್ನಾಗಿ ಅದನ್ನು ವಿವರಿಸುವುದು ನನಗೆ ಗೊತ್ತಿಲ್ಲ. ಮುದುಕಿ ತನ್ನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ನನ್ನೊಡನೆ ಬಸ್ಸು ಹತ್ತಿದಳು. ಕಂಡಕ್ಟರು ಹಾವೇರಿಯ ಆಸ್ಪತ್ರೆಯ ಬಾಗಿಲಿಗೇ ಬಸ್ಸು ನಿಲ್ಲಿಸಿದ. ಅವಳ ಹೆಸರನ್ನು ಕೂಡ ನಾನು ಕೇಳಲಿಲ್ಲ.

ಹಾವೇರಿಯಿಂದ ಹುಬ್ಬಳ್ಳಿಗೆ ಕಳಿಸಿದರು. ಎದೆಗೆ ತಂತಿ ಹಚ್ಚಿ ಮೂರು ದಿನ ನೋಡಿದ ಮೇಲೆ ಮನೋರೋಗ ವಿಭಾಗಕ್ಕೆ ಬರೆದರು. ಅಲ್ಲಿ ಹೊರಗೆ ಕುಳಿತಿದ್ದಾಗ ಅಪ್ಪನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. "ಸರ್, ನೀವು ಇಲ್ಲಿ?" ಎಂದ. ಅಪ್ಪ ತಲೆಯ ಮೇಲಿದ್ದ ಫಲಕವನ್ನೊಮ್ಮೆ ನೋಡಿ, "ಯಾರನ್ನೋ ನೋಡಾಕ ಬಂದಿದ್ವಿ," ಎಂದರು. ಅವರು ಸುಳ್ಳಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ಸುಳ್ಳಿನ ಪಕ್ಕದ ಕುರ್ಚಿಯಲ್ಲಿ ನಾನು ಕುಳಿತಿದ್ದೆ.

ಒಳಗೆ ಡಾಕ್ಟರಮ್ಮ ಅಪ್ಪನಿಗೆ ಕಾಯಿಲೆಯ ಹೆಸರು ಹೇಳಿದರು. ಅಪ್ಪ ಬರೆದುಕೊಂಡರು, ಶಿಕ್ಷಕರ ಅಭ್ಯಾಸದಂತೆ ಅಡಿಗೆರೆ ಎಳೆದರು. ಆಮೇಲೆ ಪೆನ್ನು ಇಟ್ಟು ಕೇಳಿದರು: "ಈಕಿ ಯಾಕ ಉಣ್ಣವಲ್ಲಳ್ರಿ?"

"ಉಣ್ಣವಲ್ಲಳು ಅಲ್ರಿ ಸರ್. ಈಕಿಗೆ ಉಣ್ಣಾಕ ಆಗವಲ್ದು."

"ಆಗವಲ್ದು ಅಂದ್ರ ಏನು? ಅನ್ನ ಐತಿ. ಕೈ ಐತಿ. ಬಾಯಿ ಐತಿ."

"ಅಂಜಿಕಿನೂ ಐತ್ರಿ," ಎಂದರು ಅವರು.

ಅಪ್ಪ ನನ್ನತ್ತ ತಿರುಗಿದರು. "ನಮ್ಮವ್ವ ಸೆರಗಿನ್ಯಾಗ ತಂದ ಹಳಸಿದ ಅನ್ನ ತೊಳಕೊಂಡು ತಿಂದು ನಾ ಸಾಲಿಗೆ ಹೋಗೇನಿ. ನಿನಗ ನಾವು ಏನು ಕಡಿಮಿ ಮಾಡಿದ್ವಿ, ಹೇಳು? ಏನು ಕಡಿಮಿ ಮಾಡಿದ್ವಿ?" ಅವರ ದನಿ ಕಾರಿಡಾರಿನವರೆಗೂ ಕೇಳಿಸಿತು. ಅವರು ಮೇಜಿನ ಮೇಲೆ ತಲೆಯಿಟ್ಟರು. "ಹುಣ್ಣಿವಿ ದಿನ ಎಲ್ಲಾರ ಮುಂದ ನಿಂತು ಹೊಗಳೇನ್ರೀ ಡಾಕ್ಟರ, ನಾನ ಹೊಗಳೇನಿ. ಬುದ್ಧಗುರು ಸೈತ ಉಪಾಸ ಬಿಟ್ಟು ಹಾಲನ್ನ ಉಂಡ ಮ್ಯಾಲ ಬೆಳಕು ಕಂಡಾಂವ. ವರ್ಷಾ ವರ್ಷಾ ಇದ ಪಾಠ ಹೇಳಿದಾಂವ ನಾ, ನನ್ನ ಮನ್ಯಾಗ ಮರತೆ."

ಒಂದು ಮಧ್ಯಾಹ್ನ ಅವ್ವ ನನ್ನ ಕಾಲು ಒತ್ತುತ್ತ, ನನಗಲ್ಲ ಎಂಬಂತೆ ಹೇಳಿದಳು: "ಊರ ಮಂದಿ ಮಕ್ಕಳು ಕೆಂಪು ಪಟ್ಟಿಗೆ ಬಂದ್ರ ಅವರವ್ವಗೋಳಿಗೆ ಬೈದೇನಿ. ನನ್ನ ಮಗಳು ಬಂದ್ರ ಚಪ್ಪಾಳಿ ಬಡದೆ."

ವಾರ್ಡಿನಲ್ಲಿ ಉಣ್ಣುವುದೆಂದರೆ ಎಲ್ಲರೂ ನನ್ನ ಬಾಯನ್ನು ನೋಡುವುದೆಂದು ಅರ್ಥ. ನರ್ಸು, ಅಪ್ಪ, ಅವ್ವ ಮೂವರೂ ಮಂಚದ ಮೂರು ಬದಿಗೆ ನಿಲ್ಲುತ್ತಿದ್ದರು. ಎತ್ತಿದ ಚಮಚವನ್ನು ನಾನು ಬಟ್ಟಲಿಗೇ ಇಡುತ್ತಿದ್ದೆ. ಪಕ್ಕದ ಮಂಚದ ಸೊಸೆಯನ್ನು ನೋಡಿಕೊಳ್ಳಲು ಹುಲಗೂರಿನಿಂದ ಬಂದಿದ್ದ ಬೀಬಿಜಾನ್ ಇದನ್ನೆಲ್ಲ ಎರಡು ದಿನ ನೋಡಿ ಮೂರನೆಯ ದಿನ ಅವರನ್ನು ಹೊರಗೆ ಕಳಿಸಿದಳು. "ನಡೀರಿ ಮಾಸ್ತರ,  ಚಾ ಕುಡದು ಬರ್ರಿ. ಮಂದಿ ಕಣ್ಣಾಗ ಕಣ್ಣಿಟ್ಟು ನೋಡಿದ್ರ ನಮ್ಮ ಎಮ್ಮಿನೂ ಮೇವು ತಿನ್ನಂಗಿಲ್ಲ." ಆಮೇಲೆ ನನ್ನ ಮಂಚದ ಪಕ್ಕ, ನನಗೆ ಬೆನ್ನು ಮಾಡಿ ಕುಳಿತಳು. "ನಾ ಗ್ವಾಡಿ ನೋಡ್ತೇನಿ. ಎಷ್ಟು ಹೊತ್ತಾದ್ರೂ ತಿರುಗಂಗಿಲ್ಲ, ಅಲ್ಲಾನ ಆಣಿ. ನೀ ಉಣ್ಣು ಬೇಟಿ."

ಒಂದು ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅವಳು ಗೋಡೆಯ ಬಿರುಕುಗಳಿಗೆ ಹೆಸರಿಡುತ್ತ ಕುಳಿತಿದ್ದಳು. ಒಂದನ್ನು ತನ್ನ ಅತ್ತೆಯ ಮೂಗು ಎಂದಳು. ನನಗೆ ನಗು ಬಂತು, ನಗುವಿನೊಂದಿಗೆ ಒಂದು ಚಮಚ ಒಳಗೆ ಹೋಯಿತು. ನಾನು ಗುಣವಾಗಲು ಶುರುವಾದದ್ದು ಯಾವಾಗ ಎಂದು ಕೇಳಿದರೆ ಆ ಮಧ್ಯಾಹ್ನವನ್ನು ತೋರಿಸುತ್ತೇನೆ.

ಗುಣ ಎಂಬ ಮಾತನ್ನು ಎಚ್ಚರದಿಂದ ಬಳಸುತ್ತಿದ್ದೇನೆ. ಮನೆಗೆ ಮರಳಿದೆ. ಒಂದು ವರ್ಷದ ಓದು ಹೋಯಿತು. ಈಗಲೂ ಪ್ರತಿ ಊಟ ನನಗೆ ಒಂದು ತೀರ್ಮಾನ. ಹಸಿವೆಂಬುದು ತಾನಾಗಿ ಬಂದು ಕರೆಯುವುದಿಲ್ಲ, ಗಡಿಯಾರ ನೋಡಿ ನಾನೇ ಅದನ್ನು ಕರೆಯಬೇಕು. ಆದರೆ ಉಣ್ಣುತ್ತೇನೆ. ಆ ತಿಂಗಳುಗಳಲ್ಲಿ ಮನೆಯ ಎಲ್ಲರ ಕಣ್ಣೂ ನನ್ನ ತಟ್ಟೆಯ ಮೇಲಿತ್ತು. ಮೈತ್ರಿಯ ತಟ್ಟೆಯನ್ನು ನೋಡುವವರು ಯಾರೂ ಇರಲಿಲ್ಲ.

ನಾನು ನೋಡಿದೆ. ಒಂದು ದಿನ ಊಟಕ್ಕೆ ಕುಳಿತಾಗ ಅವಳ ಕೈ ತಟ್ಟೆಯಲ್ಲಿ ಮಾಡಿದ ಒಂದು ಸಣ್ಣ ಚಲನೆಯನ್ನು ನೋಡಿದೆ. ಆ ಮನೆಯಲ್ಲಿ ಅದರ ಅರ್ಥ ಗೊತ್ತಿದ್ದವಳು ನಾನೊಬ್ಬಳೇ. ನೋಡಿಯೂ ಹನ್ನೊಂದು ದಿನ ಸುಮ್ಮನಿದ್ದೆ. ಹೇಳಿದರೆ ನನ್ನ ಮೇಲಿನ ಕಾವಲು ಇನ್ನೂ ಬಿಗಿಯಾದೀತೆಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು: ಅವಳು ನನಗಿಂತ ತೆಳ್ಳಗಾಗುತ್ತಿದ್ದಾಳೆಂದು ನನಗೆ ಹೊಟ್ಟೆಕಿಚ್ಚಾಯಿತು. ಊರಿನ, ಕಾಲೇಜಿನ, ವೈದ್ಯರ ತಪ್ಪುಗಳನ್ನು ಹೆಸರಿಸುವವಳು ಈ ತಪ್ಪನ್ನು ಬಿಟ್ಟರೆ ಉಳಿದ ಮಾತಿಗೆ ಬೆಲೆಯಿಲ್ಲ. ಆ ಹನ್ನೊಂದು ದಿನಗಳನ್ನು ಯಾರೂ ಅವಳಿಗೆ ಹಿಂದಿರುಗಿಸಲಾರರು.

ಹನ್ನೆರಡನೆಯ ದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಅವಳು ಕುಸಿದು ಕುಳಿತಳು. ನಾನು ಹತ್ತಿರ ಹೋಗಿ, "ಮೈತೂ, ನನಗೆಲ್ಲಾ ಗೊತ್ತೈತಿ. ಬಿಡು ಇದನ್ನ," ಎಂದೆ.

ಅವಳು ತಲೆ ಎತ್ತಿದಳು. "ನೀ ಮಾಡಿದ್ರ ಸಾಧನೆ, ನಾ ಮಾಡಿದ್ರ ರೋಗ ಏನಕ್ಕಾ?"

"ಅದು ಸಾಧನೆ ಅಲ್ಲ. ನಾ ಸಾಯಾಕತ್ತಿದ್ದೆ."

"ಮತ್ತ ಇದರಾಗ ಯಾಕ ನಗಾಕತ್ತೀ?"

ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಕಾಲೇಜಿನ ಪುಟ, ಅದೇ ವಿಡಿಯೊ. ಕೆಳಗೆ ನನಗೆ ಗೊತ್ತಿಲ್ಲದ ಹುಡುಗಿಯರು ‘ಸ್ಫೂರ್ತಿ’ ಎಂದು ಬರೆದಿದ್ದರು, ‘ಅಕ್ಕಾ ಹೆಂಗ ಮಾಡಿದ್ರಿ ಹೇಳ್ರಿ’ ಎಂದು ಕೇಳಿದ್ದರು. ನಾನು ಆಸ್ಪತ್ರೆಯಲ್ಲಿದ್ದ ವಾರಗಳಲ್ಲಿ ಬರೆದವೂ ಅವುಗಳಲ್ಲಿದ್ದವು. ಎಂಟು ನಿಮಿಷ ತಡೆಯಿಲ್ಲದೆ ವಾದಿಸಬಲ್ಲ ನಾನು ನನ್ನ ತಂಗಿಯೊಡನೆ ವಾದಿಸದೆ ರಟ್ಟೆ ಹಿಡಿದು ಅವಳನ್ನು ಎಬ್ಬಿಸಿದೆ.

ಆ ಮಧ್ಯಾಹ್ನವೇ ಅಪ್ಪ ಅವ್ವನಿಗೆ ಹೇಳಿದೆ. ಅವಳು ಏನು ಮಾಡುತ್ತಿದ್ದಾಳೆಂದು ತಿಳಿಸಲು ನಾನು ಏನೇನು ಮಾಡಿದ್ದೆನೆಂದೂ ಒಂದೊಂದಾಗಿ ತಿಳಿಸಬೇಕಾಯಿತು. ಅಪ್ಪ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಅವ್ವ ಒಲೆ ಆರಿಸಿದಳು. ಮೈತ್ರಿ ಒಳಕೋಣೆಯಿಂದ, "ಚಾಡಿಕೋರಿ! ನಿನ್ನ ಶಾಲು ನೀ ಇಟ್ಕೊಂಡಿ, ನನಗ ಮಾತ್ರ ಬ್ಯಾಡ ಅಂತೀ," ಎಂದು ಕೂಗಿದಳು. ಅಂದಿನಿಂದ ಅವಳು ನನ್ನನ್ನು ಅಕ್ಕ ಎಂದು ಕರೆದಿಲ್ಲ.

ಅವಳನ್ನು ಇಲ್ಲಿಗೆ ಸೇರಿಸಿ ಹತ್ತೊಂಬತ್ತು ದಿನಗಳಾದವು. ನನ್ನ ಸಲಕ್ಕಿಂತ ಅವಳದ್ದು ಕಠಿಣವಾಗಿದೆ ಎಂದು ಅದೇ ಡಾಕ್ಟರಮ್ಮ ಹೇಳಿದ್ದಾರೆ. ವಯಸ್ಸು ಚಿಕ್ಕದು, ಇಳಿಜಾರು ಬೇಗ. ಇಂದು ಬೆಳಿಗ್ಗೆ ಎರಡು ಚಮಚ ಗಂಜಿ ಹೋಯಿತು. ಬೀಬಿಜಾನ್ ಕುಳಿತಂತೆ ನಾನೂ ಬೆನ್ನು ಮಾಡಿ ಕುಳಿತೆ. "ನೀ ಹೊರಗ ಹೋಗು. ನೀ ಇದ್ರ ಗಂಟಲಾಗ ಇಳಿಯಂಗಿಲ್ಲ," ಎಂದಳು. ಬಂದು ಈ ಬೆಂಚಿನ ಮೇಲೆ ಕುಳಿತಿದ್ದೇನೆ. ಅಪ್ಪ ಮಾತ್ರೆ ತರಲು ಹೋಗಿದ್ದಾರೆ. ನಡೆದು ಬರುವಾಗ ಅವರ ಒಂದು ಕೈ ಈಗ ಸದಾ ಗೋಡೆಯನ್ನು ಮುಟ್ಟಿಕೊಂಡಿರುತ್ತದೆ.

ಆ ವಿಡಿಯೊ ತೆಗೆಯಿರೆಂದು ನಾನು ಕಾಲೇಜಿಗೆ ಮೂರು ಪತ್ರ ಬರೆದಿದ್ದೇನೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಕಚೇರಿಯಿಂದ ಫೋನು ಬಂತು: "ಅದು ಭಾಳ ಓಡೇತ್ರೀ ಮೇಡಂ. ಅಡ್ಮಿಷನ್ ಹೊತ್ತಿನ್ಯಾಗ ನಮಗ ಉಪಯೋಗ ಆಗತೈತಿ." ಮೂರನೆಯದಕ್ಕೆ, ನಾನೇ ಒಪ್ಪಿಗೆ ಕೊಟ್ಟಿದ್ದೆನೆಂದು ನೆನಪಿಸಿದರು. ನಿಜ, ಕೊಟ್ಟಿದ್ದೆ. ಅನ್ನವನ್ನು ವಿಷವೆಂದು ನಂಬಿದ್ದ ಹುಡುಗಿಯ ಒಪ್ಪಿಗೆ ಅದು. ಜಾಲತಾಣದ ಸಂಸ್ಥೆಗೂ ದೂರು ಕೊಟ್ಟೆ. ತಮ್ಮ ಯಾವ ನಿಯಮಕ್ಕೂ ಇದು ವಿರುದ್ಧವಲ್ಲವೆಂದು ಒಂದು ಯಂತ್ರ ಒಂದೇ ನಿಮಿಷದಲ್ಲಿ ತೀರ್ಪು ಕೊಟ್ಟಿತು. ಶಿಗ್ಗಾವಿಯ ಕೋಚ್ ನನ್ನನ್ನು ಗುಂಪಿನಿಂದ ತೆಗೆದಳು. ನನ್ನ ಚಿತ್ರವನ್ನು ತೆಗೆಯಲಿಲ್ಲ.

ಆದ್ದರಿಂದ ಪ್ರಾಚಾರ್ಯರೇ, ಪುಟವನ್ನು ನೋಡಿಕೊಳ್ಳುವ ಅಧ್ಯಾಪಕರೇ, ಎಲ್ಲರೂ ಓದುವ ಕಡೆ ನಿಮಗೆ ಹೇಳುತ್ತಿದ್ದೇನೆ. ಇದನ್ನು ಓದಿದ ದಿನವೇ ಆ ವಿಡಿಯೊ ಅಳಿಸಿ. ಅದೇ ಜಾಗದಲ್ಲಿ ಹೀಗೆ ಬರೆಯಿರಿ: ‘ನಾವು ಶಾಲು ಹೊದಿಸಿದ ವಿದ್ಯಾರ್ಥಿನಿ ಅಂದು ಕಾಯಿಲೆಯಲ್ಲಿದ್ದಳು. ನಮಗೆ ತಿಳಿಯಲಿಲ್ಲ. ನಾವು ಕೇಳಲೂ ಇಲ್ಲ.’ ಕೋಚ್‌ಗೂ ಅದನ್ನೇ ತನ್ನ ಗುಂಪಿನಲ್ಲಿ ಹಾಕಲು ಹೇಳಿ. ವೇದಿಕೆಗೆ ಕರೆತಂದವರು ನೀವು. ಆಮೇಲೆ ಆ ಮೂರು ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಹುಬ್ಬಳ್ಳಿಗೆ ಬನ್ನಿ. ಭೇಟಿಯ ಹೊತ್ತು ಸಂಜೆ ನಾಲ್ಕರಿಂದ ಐದು. ಮೈತ್ರಿಯ ಮಂಚದ ಬಳಿ ನಿಂತು ನೀವೇ ಅದನ್ನು ಗಟ್ಟಿಯಾಗಿ ಓದಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ. ಮೈಕಿನಲ್ಲಿ ನೀವು ಹೇಳಿದ್ದನ್ನು ಈಗಲೂ ನಂಬಿಕೊಂಡಿದ್ದಾಳೆ.